ಕಿವಿ ಕೀಟವಲ್ಲ

"ಉಸಿರು ಬಿಡಬೇಡಿ."

ಅವನು ಅವಳಿಗೆ ಹೇಳಿದ ಮೊಟ್ಟಮೊದಲ ಮಾತು ಇದು. ನಮಸ್ಕಾರವಿಲ್ಲ, ಪರಿಚಯವಿಲ್ಲ, ಮುಖ ಎತ್ತಿ ನೋಡಿದ್ದೂ ಇಲ್ಲ.

ನೋಡುವುದಾದರೂ ಹೇಗೆ? ಭಾನುವಾರ ಬೆಳಗ್ಗೆ ಏಳು ಗಂಟೆಗೆ ಅವಳ ಮನೆಯ ಗೇಟಿನ ಮುಂದಿದ್ದ ಮರವನ್ನು ಎರಡೂ ಕೈಯಿಂದ ತಬ್ಬಿ, ಕಿವಿಯನ್ನು ಕಾಂಡಕ್ಕೆ ಒತ್ತಿ, ಕಣ್ಣು ಮುಚ್ಚಿ ನಿಂತಿದ್ದ ಮಹಾನುಭಾವ.

ಗೇಟಿನ ಸದ್ದಿಗೆ ಹಲ್ಲುಜ್ಜುತ್ತಲೇ ಓಡಿ ಬಂದವಳ ಬಾಯಿ ತುಂಬ ನೊರೆ. ಬೈಯೋಣವೆಂದರೆ ಬಾಯಿ ತೆರೆಯುವ ಹಾಗಿಲ್ಲ, ಉಗಿಯೋಣವೆಂದರೆ ಮರ್ಯಾದೆಯ ಪ್ರಶ್ನೆ. ಯಾಕೋ ಏನೋ... ಮರಕ್ಕೆ ಕೈಯಾನಿಸಿ, ಅವನು ಹೇಳಿದಂತೆ ಉಸಿರು ಹಿಡಿದು ನಿಂತುಬಿಟ್ಟಳು. ಹಾಗೆ ನಿಂತರೆ ಎದೆ ಸುಮ್ಮನಿರುತ್ತದೆಯೇ? ಡವಡವ ಹೊಡೆದುಕೊಳ್ಳತೊಡಗಿತು.

"ನಿಮ್ಮ ಎದೆ ಬಡಿತ ಅಡ್ಡ ಬರ್ತಿದೆ," ಎಂದ ಅವನು ಕಣ್ಣು ತೆರೆಯದೆ. "ಒಂದೆರಡು ಹೆಜ್ಜೆ ಹಿಂದೆ ಹೋಗ್ತೀರಾ?"

ಇಂಥ ಮಾತನ್ನು ಅವಳಿಗೆ ಈವರೆಗೆ ಯಾರೂ ಹೇಳಿರಲಿಲ್ಲ. ಎದೆ ಬಡಿತಕ್ಕೂ ಅಡ್ಡಿ ಹೇಳುವವನು ಸಿಕ್ಕಿದನಲ್ಲ ಎಂದು ಮೈಯೆಲ್ಲ ಉರಿಯಿತು.

"ಬೈಬೇಡ ಪುಟ್ಟಿ, ನಾನೇ ಕರೆಸಿದ್ದು," ಎಂದು ಮರದ ಬುಡದ ಬೆತ್ತದ ಕುರ್ಚಿಯಿಂದ ಅಜ್ಜಿ ಕೂಗಿದರು. "ನಮ್ಮ ಕಿವಿ ಮೆಷಿನ್ ಹುಡುಗ."

ವಿಷಯ ಇಷ್ಟೇ. ಅಜ್ಜಿಗೆ ಕಿವಿ ಮಂದ. ಔಷಧಿ ಅಂಗಡಿಯ ಪಕ್ಕದಲ್ಲಿ ಕಿವಿ ಮೆಷಿನ್ ಮಾರಿ, ರಿಪೇರಿ ಮಾಡುವವನು ಇವನು. ಈ ಮರಕ್ಕೆ ತಲೆ ಒರಗಿಸಿ ಕೂತಾಗಲೆಲ್ಲ ಮೆಷಿನ್ ಕರಕರ ಎನ್ನುತ್ತದೆಂದು ಅಜ್ಜಿ ನಾಲ್ಕು ಸಲ ದೂರು ಕೊಟ್ಟಿದ್ದರು. ನಾಲ್ಕು ಸಲವೂ ಬಿಚ್ಚಿ ನೋಡಿದ್ದ, ಮೆಷಿನ್ನಿನಲ್ಲಿ ದೋಷವಿರಲಿಲ್ಲ. ಐದನೆಯ ಸಲ ತಾನೇ ಬಂದಿದ್ದ. ದೋಷ ಮರದೊಳಗಿತ್ತು.

"ಕಾಂಡಕೊರಕ ದುಂಬಿಯ ಮರಿಹುಳ," ಎಂದ ಅವನು ಕೊನೆಗೂ ಕಣ್ಣು ಬಿಟ್ಟು. "ಒಳಗೆ ಕೂತು ತಿಂತಾ ಇದೆ. ಈ ಬೀದೀಲಿ ಬೇರೆ ಮರಗಳಲ್ಲೂ ಮುಂಚೇನೇ ಕೇಳಿದೀನಿ."

ಹಡಗಿನಲ್ಲಿ ಬಂದ ಮರದ ಪೆಟ್ಟಿಗೆಗಳೊಳಗೆ ಅಡಗಿ ಊರು ಸೇರಿದ ಆ ಪರದೇಶಿ ದುಂಬಿಯನ್ನು ಹುಡುಕುವುದೇ ಅವಳ ಕೆಲಸ! ಜನರೇ ಕೀಟದ ಫೋಟೋ ತೆಗೆದು ಕಳಿಸಲಿ ಎಂದು ಉದ್ಯಾನ ಇಲಾಖೆಗೆ ಆ್ಯಪ್ ಮಾಡಿಕೊಟ್ಟವಳು ಅವಳೇ. ಒಂಬತ್ತು ಸಾವಿರ ಫೋಟೋ ಬಂದಿದ್ದವು. ಜಿರಳೆ, ಇರುವೆ, ಬೆಕ್ಕು... ಮನೆ ಬಿಟ್ಟು ಹೋಗುತ್ತಿಲ್ಲವೆಂಬ ಒಕ್ಕಣೆಯೊಂದಿಗೆ ಯಾರದೋ ಭಾವನ ಫೋಟೋ. ಬೇಕಾದ ಕೀಟ ಮಾತ್ರ ಒಂದೂ ಇಲ್ಲ.

ಆದರೂ ಅವಳ ಬೀದಿಯಲ್ಲಿ ಸತ್ತ ದುಂಬಿಯೊಂದು ಇಲಾಖೆಯವರ ಕೈಗೆ ಸಿಕ್ಕಿತ್ತು. ಬೀದಿಯಲ್ಲಿ ಮೂವತ್ತೊಂದು ಮರಗಳಿದ್ದವು. ಯಾವುದರಲ್ಲಿ ಹುಳವಿದೆ ಎಂದು ಶುಕ್ರವಾರ ಸಂಜೆಯೊಳಗೆ ತೋರಿಸದಿದ್ದರೆ ಶನಿವಾರ ಮೂವತ್ತೊಂದನ್ನೂ ಕಡಿಸುವುದಾಗಿ ಇಲಾಖೆಯ ಅಧಿಕಾರಿ ಕಡ್ಡಿ ಮುರಿದಂತೆ ಹೇಳಿದ್ದರು. ಅಜ್ಜಿ ಐವತ್ತು ವರ್ಷ ಒರಗಿ ಕೂತ ಮರವೂ ಅದರಲ್ಲೊಂದು. ಈ ಸುದ್ದಿಯನ್ನು ಅಜ್ಜಿಗೆ ಹೇಳಲು ಅವಳಿಗಿನ್ನೂ ಬಾಯಿ ಬಂದಿರಲಿಲ್ಲ.

ಅವನು ತಲೆ ತಿರುಗಿಸಿದ. ಆಗ ಕಂಡಿತು ಅವನ ಎಡಗಿವಿ. ಹಾಲೆಯ ಮೇಲೆ ಎಳ್ಳಿನಷ್ಟು ಮಚ್ಚೆ.

ಈ ಕಿವಿಯನ್ನು ಎಲ್ಲೋ ನೋಡಿದ್ದೇನಲ್ಲ...

"ಆ ಆ್ಯಪ್‌ಗೂ ಹದಿನೇಳು ಸಲ ಕಳಿಸ್ದೆ," ಅವನು ಗೊಣಗುತ್ತಿದ್ದ. "ಫೋಟೋ ಹಾಕದೆ ಮುಂದಕ್ಕೇ ಹೋಗಲ್ಲ ಅದು. ಮರದೊಳಗಿನ ಹುಳದ ಫೋಟೋ ಎಲ್ಲಿಂದ ತರ್ಲಿ? ನನ್ನ ಕಿವೀದೇ ತೆಗೆದು ಹಾಕ್ದೆ. 'ಕಿವಿ ಕೀಟವಲ್ಲ' ಅಂತ ಉತ್ತರ ಬಂತು. ಆಮೇಲೆ ಬ್ಲಾಕೇ ಮಾಡಿಬಿಟ್ರು. ಅದನ್ನ ಮಾಡಿದವ್ರಿಗೆ ಕಿವಿ ಅನ್ನೋದು ಇದ್ಯೋ ಇಲ್ವೋ."

ಅವಳು ಬಾಯಲ್ಲಿದ್ದ ನೊರೆಯನ್ನು ಗುಟುಕ್ಕನೆ ನುಂಗಿದಳು.

ಆ ಉತ್ತರ ಬರೆದವಳು ಅವಳೇ. ಬರೆದು, ಪಕ್ಕದ ಮೇಜಿನವಳಿಗೆ ತೋರಿಸಿ ನಕ್ಕಿದ್ದೂ ಉಂಟು. ಈಗಲೇ ಹೇಳಿಬಿಡಬೇಕು ಎಂದುಕೊಂಡಳು. ಬಾಯಿ ತೊಳೆದು ಬಂದು ಹೇಳಿದ್ದು ಮಾತ್ರ ಬೇರೆ: ಬೀದಿಯ ಎಲ್ಲ ಮರಗಳನ್ನೂ ಇಬ್ಬರೂ ಸೇರಿ ಪರೀಕ್ಷಿಸೋಣವೇ?

ಅವನು ಒಪ್ಪಿದ. ಯಾವ ಕೆಲಸದಲ್ಲಿದ್ದೀರಿ ಎಂದು ಕೇಳಿದ್ದಕ್ಕೆ ಇಲಾಖೆಯಲ್ಲಿ ಲೆಕ್ಕಪತ್ರ ಬರೆಯುತ್ತೇನೆ ಎಂದಳು. ಪುಣ್ಯಕ್ಕೆ ಅಜ್ಜಿಯ ಮೆಷಿನ್ ಆಗ ಅವನ ಕೈಯಲ್ಲಿತ್ತು.

ಸೋಮವಾರದಿಂದ ದಿನವೂ ಬೆಳಗ್ಗೆ ಒಂದು ಗಂಟೆ. ನಾಣ್ಯದಷ್ಟಗಲದ ಬಿಲ್ಲೆಯೊಂದನ್ನು ಪಟ್ಟಿಯಿಂದ ಕಾಂಡಕ್ಕೆ ಕಟ್ಟಿ, ಅದರ ತಂತಿಯನ್ನು ಕಿವಿಗೆ ಹಾಕಿಕೊಂಡು ಅವನು ಕೇಳುತ್ತಿದ್ದ, ಅವಳು ಬರೆದುಕೊಳ್ಳುತ್ತಿದ್ದಳು. ಒಂದು ಕಿವಿಯ ತಂತಿ ಅವನಿಗೆ, ಇನ್ನೊಂದು ಅವಳಿಗೆ. ತಂತಿ ಚಿಕ್ಕದು. ಅದನ್ನು ಉದ್ದ ಮಾಡುವ ಯೋಚನೆ ರಿಪೇರಿ ಬಲ್ಲ ಅವನಿಗೂ ಬರಲಿಲ್ಲ, ಬುದ್ಧಿವಂತೆಯಾದ ಅವಳಿಗೂ ಬರಲಿಲ್ಲ.

ಮಂಗಳವಾರ ಒಳಗೆ ಬಂದವಳನ್ನು ಅಜ್ಜಿ ಕೈ ಹಿಡಿದು ಕೂರಿಸಿದರು.

"ಕೇಳಿದ್ನಾ?"

"ಕೇಳಿದ ಅಜ್ಜಿ. ಬೆಳಗ್ಗೆಯಿಂದ ಹತ್ತು ಸಲ ಕೇಳಿದ."

"ಹತ್ತು ಸಲ! ನೀನೇನಂದೆ?"

"ನಾನೇನನ್ಲಿ, ಬರ್ಕೊಂಡೆ."

ಅಜ್ಜಿ ಕೇಳಿದ್ದು ಮದುವೆಯ ವಿಷಯ, ಮೊಮ್ಮಗಳು ಹೇಳಿದ್ದು ಮರದ ವಿಷಯ. ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಜ್ಜಿ ಚಿಕ್ಕಮ್ಮನಿಗೆ ಫೋನು ಮಾಡಿ, ಹುಡುಗ ಹತ್ತು ಸಲ ಕೇಳಿದನಂತೆ, ನಮ್ಮವಳು ಇನ್ನೂ ಬಿಗುಮಾನ ಮಾಡುತ್ತಿದ್ದಾಳಂತೆ ಎಂದು ಹೇಳಿಯಾಗಿತ್ತು.

ಬುಧವಾರದ ಹೊತ್ತಿಗೆ ಇಪ್ಪತ್ತೈದು ಮರ ಮುಗಿದವು. ನಾಲ್ಕರಲ್ಲಿ ಹುಳ. ಇನ್ನು ಉಳಿದದ್ದು ಆರೇ. ಆ್ಯಪ್ ತನ್ನದೆಂದು ಅವನಿಗೆ ಇವತ್ತು ಹೇಳಲೇಬೇಕು ಎಂದು ಅವಳು ಗಂಟಲು ಸರಿ ಮಾಡಿಕೊಂಡಳು. ಅಜ್ಜಿ ಅವಳಿಗಿಂತ ಚುರುಕು.

"ನಮ್ಮ ಹುಡುಗೀನ ಕಡಿಮೆ ಅಂದ್ಕೋಬೇಡಪ್ಪ," ಎಂದರು ಅವನಿಗೆ. "ಆ ಹುಳದ ಆ್ಯಪ್ ಪೂರ್ತಿ ಅವಳೇ ಮಾಡಿದ್ದು. ಬರೋ ಫೋಟೋಕ್ಕೆಲ್ಲ ಉತ್ತರ ಬರಿಯೋದೂ ಅವಳೇ."

ಅವನು ನಿಧಾನವಾಗಿ ಕಿವಿಯಿಂದ ತಂತಿ ತೆಗೆದ.

"ಹೇಳ್ಬೇಕು ಅಂತಿದ್ದೆ..." ಎಂದಳು ಅವಳು. "ಅಷ್ಟು ಫೋಟೋ ಬರುತ್ತೆ. ನಿಮ್ಮದೂ ನೋಡ್ದೆ, ಆದ್ರೆ..."

"ನೋಡಿದ್ರಿ. ಕೇಳ್ಲಿಲ್ಲ," ಎಂದ ಅವನು. "ಕಿವಿ ಕೇಳಿಸದವ್ರ ಜೊತೆ ದಿನಾ ಇರ್ತೀನಿ ನಾನು. ಅವ್ರ ಮೇಲೆ ಯಾವತ್ತೂ ಸಿಟ್ಟು ಬಂದಿಲ್ಲ. ಮೂರು ದಿನ ಪಕ್ಕದಲ್ಲೇ ನಿಂತಿದ್ರಲ್ಲ... ಆಗ್ಲಾದ್ರೂ ಹೇಳ್ಬಹುದಿತ್ತು."

ಬಿಲ್ಲೆ, ಪಟ್ಟಿ, ತಂತಿ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಹೊರಟುಹೋದ.

ಅವಳಿಗೆ ಅಳು ಬಂತು. ಆರು ಮರಗಳಿಗಾಗಿ ಅಳುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಆರು ಮರಗಳಿಗೆ ಅಷ್ಟೊಂದು ಕಣ್ಣೀರು ಬೇಕಿರಲಿಲ್ಲ.

ಗುರುವಾರ ಅಜ್ಜಿಯ ಮೆಷಿನ್ ಇಸಿದುಕೊಂಡು ತಾನೇ ಮರ ತಬ್ಬಿ ನಿಂತಳು. ಏನೋ ಕರಕರ ಎಂದಂತಾಯಿತು. ಹುಳವೋ, ತನ್ನ ಜಡೆಯೋ, ಗೊತ್ತಾಗಲಿಲ್ಲ. ಮಧ್ಯಾಹ್ನ ಕಚೇರಿಯಲ್ಲಿ ಕೂತು ಆ್ಯಪ್‌ನಲ್ಲಿ ಎರಡು ಕೆಲಸ ಮಾಡಿದಳು. ಫೋಟೋ ಇರಲೇಬೇಕೆಂಬ ನಿಯಮವನ್ನು ಕಿತ್ತುಹಾಕಿ 'ಕೇಳಿಸಿತು' ಎಂಬ ಹೊಸ ಬಟನ್ ಇಟ್ಟಳು. ಅವನ ಬ್ಲಾಕ್ ತೆಗೆದು, ಅವನಿಗೂ ಬೀದಿಯವರೆಲ್ಲರಿಗೂ ಒಂದು ಸಂದೇಶ ಕಳಿಸಿದಳು.

"ಒಬ್ಬರು ಹದಿನೇಳು ಸಲ ಹೇಳಿದರೂ ನಾನು ಕೇಳಲಿಲ್ಲ. ತಪ್ಪು ನನ್ನದು. ಇನ್ನೂ ಆರು ಮರಗಳ ಮಾತು ಕೇಳುವುದಿದೆ. ಕಿವಿ ಮೆಷಿನ್ ಇರುವವರು ನಾಳೆ ಬೆಳಗ್ಗೆ ಏಳಕ್ಕೆ ದಯವಿಟ್ಟು ಬನ್ನಿ."

ಕೆಳಗೆ ಒಂದು ಫೋಟೋ. ಅವಳದೇ ಕಿವಿ.

ಶುಕ್ರವಾರ ಬೆಳಗ್ಗೆ ಗೇಟು ತೆರೆದವಳು ಹಾಗೇ ನಿಂತಳು. ಹನ್ನೊಂದು ಮಂದಿ ಅಜ್ಜ ಅಜ್ಜಿಯರು ಬೀದಿಯುದ್ದಕ್ಕೂ ಮರ ತಬ್ಬಿ ನಿಂತಿದ್ದರು. ನಿವೃತ್ತ ಹೆಡ್‌ಮಾಸ್ತರರು ಪಕ್ಕದ ಮನೆಯವರಿಗೆ ಬಾಯಿ ಮುಚ್ಚಲು ಹೇಳುತ್ತಿದ್ದರು. ಇಬ್ಬರು ಅಜ್ಜಿಯರಿಗೆ ಒಂದೇ ಮರ ಬೇಕಾಗಿ ಜಗಳವೂ ಶುರುವಾಗಿತ್ತು.

ಆಗ ಬೀದಿಯ ತುದಿಯಿಂದ ಅವನು ಓಡಿ ಬಂದ. ಅಂಗಿಯ ಗುಂಡಿ ಹೆಚ್ಚುಕಡಿಮೆಯಾಗಿತ್ತು, ಕೈಯಲ್ಲಿ ರಿಪೇರಿ ಚೀಲ. ತನ್ನ ಗಿರಾಕಿಗಳಲ್ಲಿ ಐವರು ಒಂದೇ ಹೊತ್ತಿಗೆ ಫೋನು ಮಾಡಿ ಮೆಷಿನ್ ಕರಕರ ಎನ್ನುತ್ತಿದೆ ಎಂದರೆ ಯಾವ ಅಂಗಡಿಯವನು ಮನೆಯಲ್ಲಿ ಕೂರುತ್ತಾನೆ? ಐವರೂ ಅಂದಿದ್ದು ಒಂದೇ ಮರದ ಬಳಿ ನಿಂತು.

ಅವಳ ಕಡೆ ನೋಡದೆ ಆ ಮರಕ್ಕೆ ಬಿಲ್ಲೆ ಕಟ್ಟಿದ. ಕೇಳಿದ. ಉಳಿದ ಐದನ್ನೂ ಕೇಳಿದ; ಹುಳವಿದ್ದದ್ದು ಆ ಒಂದರಲ್ಲೇ. ಆಮೇಲೆ ಮೊಬೈಲ್ ತೆಗೆದು ಹೊಸ ಬಟನ್ ಒತ್ತಿದ.

ಸಂಜೆ ಅಧಿಕಾರಿ ತಾವೇ ಬಂದು, ನಂಬದೆ, ತಂತಿಯನ್ನು ಕಿವಿಗೆ ಹಾಕಿಕೊಂಡು ಮುಖ ಕಿವುಚಿದರು. ಕಡಿಯಲೆಂದು ಆ ಮಧ್ಯಾಹ್ನ ಹಾಕಿಸಿದ್ದ ಕೆಂಪು ಗುರುತನ್ನು ಇಪ್ಪತ್ತಾರು ಮರಗಳ ಮೇಲಿಂದ ಅಳಿಸಲು ಹೇಳಿದರು. ಹುಳವಿದ್ದ ಐದರಲ್ಲಿ ಮೂರನ್ನು ಉಳಿಸುವಂತಿರಲಿಲ್ಲ. ಅಜ್ಜಿಯ ಮರಕ್ಕೂ ಇನ್ನೊಂದಕ್ಕೂ ಔಷಧಿ ಚುಚ್ಚಿದರೆ ಸಾಕು, ಆದರೆ ಒಳಗಿನ ಸದ್ದು ನಿಲ್ಲುವವರೆಗೆ ವಾರವಾರವೂ ಯಾರಾದರೂ ಬಂದು ಕೇಳಬೇಕು ಎಂದರು.

"ನಾನು ಬರ್ತೀನಿ," ಎಂದ ಅವನು, ಯಾರೂ ಹೆಸರು ಹೇಳುವ ಮೊದಲೇ.

ಜನ ಚದುರಿದರು. ಅಜ್ಜಿಯ ಮರದ ಕೆಳಗೆ ಇಬ್ಬರೇ ಉಳಿದರು. ಎದುರಿನ ಜಗುಲಿಯಲ್ಲಿ ಅಜ್ಜಿ ತಮ್ಮ ವಯಸ್ಸಿನವರ ಜೊತೆ ಕೂತಿದ್ದರು.

"ನಿಮ್ಮ ಕಿವಿ ಬಂದು ತಲುಪ್ತು," ಎಂದ ಅವನು. "ಕಿವಿ ಕೀಟವಲ್ಲ ಅಂತ ಬರೆಯೋಣ ಅಂತಿದ್ದೆ. ಮನಸ್ಸು ಬರ್ಲಿಲ್ಲ."

"ಕ್ಷಮಿಸ್ತೀರಾ?"

"ಕ್ಷಮಿಸಿ ಆಯ್ತು. ನಿನ್ನೇನೇ."

ಅವಳು ಕಾಲ ಬೆರಳಿನಿಂದ ಮಣ್ಣು ಕೆದಕಿದಳು. "ಇನ್ನೊಂದು ವಿಷಯ... ನಮ್ಮಜ್ಜಿ ನೆಂಟರಿಗೆಲ್ಲ ಹೇಳಿಬಿಟ್ಟಿದಾರೆ. ನೀವು ಕೇಳಿದ್ರಿ ಅಂತ."

"ಕೇಳಿದ್ದು ನಿಜ ತಾನೇ? ಮರಾನ."

"ಮರಾನಲ್ಲ. ನನ್ನ."

ಅವನ ಎಡಗಿವಿ ಮಚ್ಚೆಯ ಸಮೇತ ಕೆಂಪಾಯಿತು. ಒಂದು ತಂತಿಯನ್ನು ತಾನು ಹಾಕಿಕೊಂಡು ಇನ್ನೊಂದನ್ನು ಅವಳಿಗೆ ಕೊಟ್ಟ. ಬಿಲ್ಲೆಯನ್ನು ಮರಕ್ಕೆ ಕಟ್ಟಲಿಲ್ಲ, ಅವಳ ಅಂಗೈಯಲ್ಲಿಟ್ಟ. ಅವಳೇ ಅದನ್ನು ತನ್ನ ಎದೆಗೆ ಒತ್ತಿ ಹಿಡಿದಳು.

"ಅಡ್ಡ ಬರ್ತಿದೆಯಾ?" ಪಿಸುಗುಟ್ಟಿದಳು.

"ಇಲ್ಲ. ಇವತ್ತು ಅದನ್ನೇ ಕೇಳೋಕೆ ಬಂದಿರೋದು." ಅವನು ಅವಳ ಕಡೆ ತಿರುಗಿದ. "ಮದುವೆ ಆಗ್ತೀರಾ ನನ್ನ?"

ಅವಳು ಹೇಳಿದ್ದು ಅವನಿಗೆ ಮಾತ್ರ ಕೇಳಿಸಿತು.

"ಪುಟ್ಟೀ, ಕೇಳಿದ್ನಾ?" ಜಗುಲಿಯಿಂದ ಅಜ್ಜಿ ಕೂಗಿದರು.

"ಕೇಳಿದ್ರು ಅಜ್ಜಿ," ಎಂದು ಅವಳು ಜೋರಾಗಿ ತಲೆಯಾಡಿಸಿದಳು.

"ನೀನೇನಂದೆ? ಜೋರಾಗಿ ಹೇಳು, ನನ್ನ ಮೆಷಿನ್ ನಿನ್ನ ಹತ್ರಾನೇ ಇದೆ."

ಅವಳು ಅವನ ಮುಖ ನೋಡಿದಳು. ಅವನು ನಗುತ್ತ ಎರಡೂ ಕಿವಿ ಮುಚ್ಚಿಕೊಂಡ. ಇಪ್ಪತ್ತೆಂಟು ಮರಗಳಿಗೂ ಕೇಳಿಸುವಂತೆ ಅವಳು ಕೂಗಿದಳು.

"ಹೂಂ ಅಂದೆ ಅಜ್ಜಿ!"