ಚೆಂಡು ಬರುವ ಮೊದಲು

“ಇಲ್ಲಿ ನೋಡಿ, ಚೆಂಡು ಇವನ ಕಡೆ ಬರ್ತಿದೆ. ಹಿಂದೆ ಯಾರಿದ್ದಾರೆ ಅಂತ ತಿರುಗಿ ನೋಡೋದು ಬಿಟ್ಟು ಸಾಹೇಬರು ಆಕಾಶ ನೋಡ್ತಿದ್ದಾರೆ.”

ನಾನು ವಿಡಿಯೊ ನಿಲ್ಲಿಸಿದೆ. ಪರದೆಯ ಮೇಲೆ ಅವನು ತಲೆ ಎತ್ತಿ ನಿಂತಿದ್ದ. ಚೆಂಡು ಕಸಿಯಲು ಎದುರಾಳಿ ಬೆನ್ನಿಗೇ ಬಂದಿದ್ದ. ಇಡೀ ತಂಡ ಗೊಳ್ಳೆಂದು ನಕ್ಕಿತು. ಅವನು ಮಾತ್ರ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ. ನೋಡಲಿ, ನನಗೇನು? ಫುಟ್‌ಬಾಲ್ ಪಂದ್ಯಗಳನ್ನು ಚಿತ್ರೀಕರಿಸಿ ಆಟಗಾರರ ತಪ್ಪು ಹುಡುಕುವುದೇ ನನ್ನ ಕೆಲಸ. ಕ್ಲಬ್ಬಿನಲ್ಲಿ ಬೆನ್ನ ಹಿಂದೆ ನನ್ನನ್ನು ಸಿಸಿಟಿವಿ ಅನ್ನುತ್ತಾರೆಂದು ಗೊತ್ತು. ಆ ಹೆಸರಿಟ್ಟವನೂ ಇವನೇ.

ಕಿರಿಯರ ತಂಡದಿಂದ ಈ ಸೀಸನ್‌ನಲ್ಲಷ್ಟೇ ಮೇಲೆ ಬಂದ ಮಿಡ್‌ಫೀಲ್ಡರ್. ಕಾಲಲ್ಲಿ ಏನೋ ಮಾಯೆ ಇದೆ, ಒಪ್ಪುತ್ತೇನೆ. ಬಾಯಲ್ಲಿ ಮಾತ್ರ ವಿಷ.

ಕೋಚ್ ಎದ್ದು ನಿಂತರು. “ಇನ್ನೊಂದು ಮ್ಯಾಚ್ ಕೊಡ್ತೀನಿ. ಮತ್ತೆ ಹೀಗೇ ಚೆಂಡು ಕಳ್ಕೊಂಡ್ರೆ ವಾಪಸ್ ಕಿರಿಯರ ಟೀಮಿಗೆ ಹೋಗ್ತಿರು.”

ಸಭೆ ಮುಗಿದದ್ದೇ ತಡ, ಅವನು ನನ್ನ ಕೋಣೆಗೆ ನುಗ್ಗಿದ. ಒದ್ದೆ ಕೂದಲು, ಕೈಯಲ್ಲಿ ಬೂಟು.

“ನನ್ನ ಹೊಟ್ಟೆ ಮೇಲೆ ಹೊಡೆದು ಸಮಾಧಾನ ಆಯ್ತಾ ಮೇಡಂ?”

“ತಪ್ಪು ಮಾಡಿದ್ದು ನೀನು.”

“ಒಂದಿನ ಕೆಳಗಿಳಿದು ಆಡಿ ನೋಡಿ. ಮೇಲೆ ಕೂತು ಮುಖ ಗಂಟು ಹಾಕೋದು ಸುಲಭ.”

“ನನ್ನ ಮುಖದ ವಿಚಾರ ನಿನಗ್ಯಾಕೆ? ಬಾಗಿಲು ಹಾಕ್ಕೊಂಡು ಹೋಗು.”

ಬಾಗಿಲು ಎಷ್ಟು ಜೋರಾಗಿ ಹಾಕಿದನೆಂದರೆ ಮೇಜಿನ ಮೇಲಿದ್ದ ಕಾಫಿ ಚೆಲ್ಲಿತು.

ಸಿಟ್ಟಿನಲ್ಲಿ ಮತ್ತೆ ಅವನ ವಿಡಿಯೊ ಹಾಕಿದೆ. ಎಲ್ಲ ತಪ್ಪುಗಳನ್ನೂ ಒಟ್ಟಿಗೆ ಜೋಡಿಸಿ ಕೋಚ್‌ಗೆ ಕಳಿಸುವ ಉದ್ದೇಶ, ಸುಳ್ಳೇಕೆ. ಒಂದು ಪಂದ್ಯ, ಇನ್ನೊಂದು ಪಂದ್ಯ, ಎಲ್ಲದರಲ್ಲೂ ತಲೆ ಮೇಲೆ. ಚಿತ್ರವನ್ನು ದೊಡ್ಡದು ಮಾಡಿದೆ. ಅವನು ಆಕಾಶ ನೋಡುತ್ತಿರಲಿಲ್ಲ. ನಮ್ಮದು ಪುಟ್ಟ ಮೈದಾನ. ಗ್ಯಾಲರಿಯ ತುದಿಯಲ್ಲಿದ್ದ ಕ್ಯಾಮೆರಾವನ್ನು, ಅಂದರೆ ಅದರ ಪಕ್ಕದಲ್ಲಿ ಕೂತಿದ್ದ ನನ್ನನ್ನು ನೋಡುತ್ತಿದ್ದ.

ಮೈಯೆಲ್ಲ ಬಿಸಿಯಾಯಿತು. ಮೊದಲು ಬಂದದ್ದು ಕೋಪವೇ. ಆಮೇಲೆ ಬಂದದ್ದು ಏನೆಂದು ಹೇಳಲು ಈಗಲೂ ನಾಚಿಕೆ.

ಮರುದಿನ ಅಭ್ಯಾಸ ಮುಗಿಸಿ ಬರುತ್ತಿದ್ದವನನ್ನು ಕಾರಿಡಾರಿನಲ್ಲಿ ಅಡ್ಡಗಟ್ಟಿದೆ.

“ಆಡುವಾಗ ನನ್ನನ್ಯಾಕೆ ನೋಡ್ತೀಯ?”

ಅವನ ಕಿವಿಗಳು ಕೆಂಪಾದವು. ಬಗ್ಗಿದನೇ? ಎಲ್ಲಿಯ ಮಾತು!

“ಎಲ್ರೂ ಬೆನ್ನು ತಟ್ಟಿ ಚೆನ್ನಾಗಾಡ್ದೆ ಅಂತಾರೆ. ನಮ್ಮಮ್ಮನೂ ಅಷ್ಟೇ. ನೀವೊಬ್ರೇ ಸಿಡುಕೋದು. ನಿಜವಾಗ್ಲೂ ಚೆನ್ನಾಗಾಡಿದಾಗ ನಿಮ್ಮ ಮುಖ ಒಂಚೂರು ಸಡಿಲ ಆಗುತ್ತೆ. ಅದನ್ನ ನೋಡ್ಬೇಕು ಅನ್ಸುತ್ತೆ. ಸಾಕಾ?”

“ಅದಕ್ಕೋಸ್ಕರ ಚೆಂಡು ಕಳ್ಕೊಳ್ತೀಯಾ? ತಲೆ ಕೆಟ್ಟಿದ್ಯಾ ನಿಂಗೆ?”

“ಕೆಡಿಸಿದ್ದು ಯಾರು?”

ಪಂದ್ಯದ ದಿನ ಕ್ಯಾಮೆರಾವನ್ನು ಸಹೋದ್ಯೋಗಿಗೆ ಒಪ್ಪಿಸಿ, ಗ್ಯಾಲರಿಯ ಕೆಳಗಿನ ಕೋಣೆಯಲ್ಲಿ ಪರದೆಯ ಮುಂದೆ ಕೂತೆ. ಮೊದಲ ಸಲ ಚೆಂಡು ಬಂದಾಗ ಅವನು ತಲೆ ಎತ್ತಿದ. ಅಲ್ಲಿ ನಾನಿರಲಿಲ್ಲ. ಚೆಂಡೂ ಹೋಯಿತು. “ಹಾಳಾದವನೇ, ಹಿಂದೆ ನೋಡೋ!” ಎಂದು ಪರದೆಗೆ ಕಿರುಚಿದೆ.

ಆಮೇಲೆ ಅವನು ತಲೆ ಎತ್ತಲಿಲ್ಲ. ಚೆಂಡು ಬರುವ ಮೊದಲೇ ಎರಡೂ ಭುಜಗಳ ಮೇಲಿಂದ ಹಿಂದೆ ನೋಡಿಕೊಂಡು, ಗಕ್ಕನೆ ತಿರುಗಿ, ಇಬ್ಬರು ಎದುರಾಳಿಗಳ ನಡುವೆ ನುಸುಳಿಸಿ ಕೊಟ್ಟ ಪಾಸ್ ಗೋಲಾಯಿತು. ಗೋಡೆಯಾಚೆ ಜನರ ಕೂಗು. ಇಲ್ಲಿ ನಾನೊಬ್ಬಳೇ ಹುಚ್ಚಿಯಂತೆ ಕುಣಿದೆ.

ಪಂದ್ಯ ಮುಗಿದ ಮೇಲೆ ಜೆರ್ಸಿಯನ್ನೂ ಬದಲಿಸದೆ ಬಂದ.

“ಎಲ್ಲಿ ಹಾಳಾಗಿ ಹೋಗಿದ್ರಿ?”

“ಟೀಮಲ್ಲಿ ಜಾಗ ಉಳೀತಾ?”

“ಉಳೀತು. ಕೋಚ್ ಈಗ್ತಾನೆ ಹೇಳಿದ್ರು. ಇಷ್ಟು ಚೆನ್ನಾಗಿ ಯಾವತ್ತೂ ಆಡಿರ್ಲಿಲ್ಲ ನಾನು. ನೀವೇ ಅಲ್ಲಿರ್ಲಿಲ್ಲ.”

“ನಾನಿದ್ದಿದ್ರೆ ನೀನು ಆಡ್ತಿರ್ಲಿಲ್ಲ. ಇನ್ಮೇಲೂ ಇರಲ್ಲ. ನಿನ್ನ ಮ್ಯಾಚೆಲ್ಲ ಇಲ್ಲಿಂದ್ಲೇ ನೋಡ್ತೀನಿ.”

“ಮತ್ತೆ ನಾನು ನಿಮ್ಮನ್ನ ಯಾವಾಗ ನೋಡೋದು?” ಅವನು ಅಬ್ಬರಿಸಿದ.

“ಮ್ಯಾಚ್ ಮುಗಿದ ಮೇಲೆ ಬಾ. ಎಷ್ಟೊತ್ತು ಬೇಕಾದ್ರೂ ನೋಡು. ಯಾರು ಬೇಡ ಅಂದ್ರು?” ನಾನೂ ಅಷ್ಟೇ ಜೋರಾಗಿ ಕೂಗಿದೆ.

ಅವನು ಕುರ್ಚಿಯನ್ನು ದರದರ ಎಳೆದು ನನ್ನೆದುರಿಗೇ ಹಾಕಿಕೊಂಡು ಕೂತ. ಬೆವರನ್ನೂ ಒರೆಸಿಕೊಳ್ಳದೆ ನನ್ನನ್ನೇ ನೋಡಿದ. ನಾನೂ ಹುಬ್ಬು ಗಂಟಿಕ್ಕಿ ನೋಡಿದೆ, ಇವನಿಗೆ ಸೋಲಬಾರದೆಂದು ಹಟ ಹಿಡಿದು.

ಕಣ್ಣು ತಗ್ಗಿಸಿದವಳು ನಾನೇ.