ಮೊಯ್ದೀನಬ್ಬರ ಎಡಗಾಲು

“ಡಾಕ್ಟರ್ ಸುಜಿತ್ ನೀವೇ ಅಲ್ವಾ? ನನ್ನ ರೋಗಿಗಳನ್ನೆಲ್ಲ ನಿಮ್ಮ ಹೆಸರಿಗೆ ಮಾಡಿಕೊಂಡವರು?”

ಪಡೀಲಿನ ಕ್ಲಿನಿಕ್ಕಿನ ಬಾಗಿಲಲ್ಲೇ ಡಾಕ್ಟರ್ ಗ್ರೀಷ್ಮಾ ಕೇಳಿಬಿಟ್ಟಳು. ಎರಡು ವಾರ ಫೋನಿನಲ್ಲಷ್ಟೇ ಕೇಳಿದ್ದ ಧ್ವನಿಗೆ ಇವತ್ತು ಮುಖ ಸಿಕ್ಕಿತ್ತು. ಒಳ್ಳೆಯ ಮುಖ. ಅವಳಿಗೆ ಇನ್ನಷ್ಟು ಸಿಟ್ಟು ಬಂದದ್ದು ಅದಕ್ಕೇ.

ಚಿಕನ್‌ಪಾಕ್ಸ್ ಬಂದು ಅವಳು ಮನೆಯಲ್ಲಿ ಮಲಗಿದಾಗ, ಅದೇ ಸಂಸ್ಥೆಯ ಕೊಡಿಯಾಲ್‌ಬೈಲ್ ಶಾಖೆಯಿಂದ ಬದಲಿಗೆ ಬಂದವನು ಅವನು. ದಿನಾ ಸಂಜೆ ಅವನ ಫೋನು. ಯಾರು ಕದ್ದು ಐಸ್‌ಕ್ರೀಮ್ ತಿನ್ನುತ್ತಾರೆ, ಯಾರು ಮಾತ್ರೆ ನುಂಗಿದೆನೆಂದು ಸುಳ್ಳು ಹೇಳುತ್ತಾರೆ, ಎಲ್ಲವನ್ನೂ ಅವಳು ಹೇಳಿಕೊಟ್ಟಿದ್ದಳು. ಹಳೆಯ ರೋಗಿ ಮೊಯ್ದೀನಬ್ಬರ ಎಡಗಾಲಿನ ಹುಣ್ಣಿನ ಬಗ್ಗೆ ಮಾತ್ರ ಅವನು ಮೂರು ಸಲ ಕೇಳಿದ್ದ. ಇಷ್ಟೂ ಅರ್ಥವಾಗದ ಡಾಕ್ಟರಾ ಎಂದುಕೊಂಡರೂ, ನಾಲ್ಕನೆಯ ಸಲದ ಫೋನಿಗೆ ಕಾದವಳು ಅವಳೇ...

ಅಷ್ಟರಲ್ಲಿ ಸಂಸ್ಥೆಯ ಸುತ್ತೋಲೆ ಬಂತು. ಮಾರ್ಚ್ ಮುಗಿಯಲು ಹತ್ತೇ ದಿನ ಇರುವಾಗ ನಿಯಮ ಬದಲು! ಪ್ರೋತ್ಸಾಹಧನ ಇನ್ನು ಬಂದ ರೋಗಿಗಳ ಲೆಕ್ಕಕ್ಕಲ್ಲ. ಸಕ್ಕರೆ ಕಾಯಿಲೆಯವರ ಪಾದ ಪರೀಕ್ಷಿಸಿ ಕಂಪ್ಯೂಟರಿಗೆ ಹಾಕಿದ್ದಕ್ಕೆ ಮಾತ್ರ. ಅದೂ ಕಳೆದ ಏಪ್ರಿಲ್‌ನಿಂದಲೇ ಲೆಕ್ಕ. ಕಡಿಮೆ ಬಿದ್ದವರಿಗೆ ಬೈಕಂಪಾಡಿ ಶಾಖೆಗೆ ವರ್ಗ. ಇವತ್ತು ಸಂಜೆ ಐದಕ್ಕೆ ಪಟ್ಟಿ ಮುಚ್ಚುತ್ತದೆ.

ಪಾದ ನೋಡದೆ ಗ್ರೀಷ್ಮಾ ಯಾರನ್ನೂ ಕಳಿಸಿದವಳಲ್ಲ. ಆದರೆ ಬರೆದದ್ದೆಲ್ಲ ಮನೆಗೊಂದರಂತೆ ಇಟ್ಟ ಕಾಗದದ ಫೈಲುಗಳಲ್ಲಿ. ಈಗ ಪರದೆಯಲ್ಲಿ ಅವಳ ಹೆಸರಿನ ಮುಂದೆ ಸೊನ್ನೆ, ಸುಜಿತ್ ಹೆಸರಿನ ಮುಂದೆ ನೂರ ಮೂವತ್ತೆಂಟು. ಐದು ವರ್ಷ ಹಚ್ಚಿಕೊಂಡ ಪಡೀಲು ಕೈತಪ್ಪುವುದರಲ್ಲಿತ್ತು.

ಅವಳು ತೋರಿಸಿದ ಪರದೆ ನೋಡಿ ಸುಜಿತ್ ಬೆಪ್ಪಾದ. ಗಡಿಯಾರ ನೋಡಿ, ಫೈಲುಗಳ ಕಟ್ಟು ಎತ್ತಿಕೊಂಡು ಹೊರಟೇಹೋದ.

ಕಳ್ಳನಾದರೆ ಬೆಪ್ಪಾಗುವುದು ಯಾಕೆ? ಒಳ್ಳೆಯವನಾದರೆ ಓಡುವುದು ಯಾಕೆ? ಗ್ರೀಷ್ಮಾಳಿಗೆ ತಲೆಬುಡ ತಿಳಿಯಲಿಲ್ಲ.

“ಮೇಡಂ, ಅವರು ದಿನಾ ಕ್ಲಿನಿಕ್ ಮುಗಿಸಿ ನಿಮ್ಮ ಫೈಲು ನೋಡಿ ಒಂದೊಂದೇ ಹಾಕಿದ್ದು,” ಎಂದಳು ನರ್ಸ್ ಸ್ವರ್ಣಲತಾ. “ನಿಮಗೆ ಜ್ವರ ಉಂಟು, ಹೇಳುವುದು ಬೇಡ ಅಂದಿದ್ರು.”

ಹಾಕಿದ್ದೇನೋ ಸರಿ, ಲಾಗಿನ್ ಮಾತ್ರ ಅವನದೇ! ಯಾರ ಲಾಗಿನ್ನೋ ಅವರ ಹೆಸರಿಗೇ ಲೆಕ್ಕ ಎಂಬುದು ಆ ಮಹಾನುಭಾವನಿಗೆ ಹೊಳೆದೇ ಇರಲಿಲ್ಲ. ಗ್ರೀಷ್ಮಾಳಿಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ನಾಲ್ಕು ಸಲ ಫೋನ್ ಮಾಡಿದಳು. ಅವನು ಎತ್ತಲಿಲ್ಲ.

ಸಂಜೆ ಬೆವರಿಕೊಂಡು ಬಂದ. ಸಂಸ್ಥೆಯ ಕಚೇರಿಯಲ್ಲಿ ಫೈಲು ತೋರಿಸಿ, ಇದೆಲ್ಲ ಗ್ರೀಷ್ಮಾ ಅವರ ಕೆಲಸ ಎಂದು ಬರೆದುಕೊಟ್ಟು, ನೂರ ಮೂವತ್ತೆಂಟನ್ನೂ ಅವಳ ಹೆಸರಿಗೆ ಮಾಡಿಸಿದ್ದ.

“ಮತ್ತೆ ನಿಮ್ಮದು?”

“ಇಲ್ಲಿ ಕೂತೆನಲ್ಲ, ನನ್ನ ಶಾಖೆಯದ್ದು ಹಾಕ್ಲಿಕ್ಕೆ ಆಗ್ಲಿಲ್ಲ. ಬೈಕಂಪಾಡಿಗೆ ಹೋಗ್ತೇನೆ.”

“ಯಾಕೆ ಹೀಗೆ ಮಾಡಿದ್ರಿ ಮಾರಾಯ್ರೆ?”

ಅವನು ಫೈಲುಗಳನ್ನು ಮೇಜಿನ ಮೇಲೆ ಇಟ್ಟ. “ಮೊಯ್ದೀನಬ್ಬರ ಕಾಲು ನನಗೆ ಮೊದಲ ದಿನವೇ ಅರ್ಥ ಆಗಿತ್ತು.”

ಬೆಳಿಗ್ಗೆಯಿಂದ ಕಲಸಿಹೋಗಿದ್ದ ಮನಸ್ಸು ಆ ಒಂದು ಮಾತಿಗೆ ತಿಳಿಯಾಯಿತು. ತಾನೂ ಇವನನ್ನು ಪ್ರೀತಿಸುತ್ತಿದ್ದೇನೆ ಎಂಬುದು ಅವಳಿಗೆ ಆಗಲೇ ಗೊತ್ತಾದದ್ದು.

“ಬೈಕಂಪಾಡಿಯಿಂದ ಫೋನ್ ಮಾಡ್ಲಿಕ್ಕೆ ಆಗ್ತದಲ್ಲ?”

“ಆಗ್ತದೆ... ಯಾರ ಕಾಲಿನ ಬಗ್ಗೆ ಕೇಳುವುದು?”

“ಕಾಲು ಬೇಡ,” ಎಂದಳು ಗ್ರೀಷ್ಮಾ. “ನನ್ನ ಬಗ್ಗೆ ಕೇಳಿ.”