ಕಲ್ಲುಕಟ್ಟೆಹಳ್ಳಿಯ ಸಿಹಿನೀರು

೨೦೨೫ನೇ ಇಸವಿ, ಫೆಬ್ರವರಿ ೧೧, ಮಂಗಳವಾರ, ಬೆಳಿಗ್ಗೆ ೧೦.೪೦. ಹಾಸನದ ಪ್ರಯೋಗಾಲಯದಲ್ಲಿ ಪ್ರೇಮಕುಮಾರಿ ಮೇಡಂ ವರದಿಯ ಮೇಲೆ ಬೆರಳಿಟ್ಟರು.

"ಮೋಹನ್, ಇದು ಕಲ್ಲುಕಟ್ಟೆಹಳ್ಳಿಯ ನೀರಲ್ಲ."

ಲೀಟರಿಗೆ ೦.೩ ಮಿಲಿಗ್ರಾಂ ಫ್ಲೋರೈಡ್. ಮೂರು ವರ್ಷದ ಹಿಂದೆ ಅದೇ ಕೊಳವೆಬಾವಿಯಲ್ಲಿ ೨.೭ ಇತ್ತು. ೧.೫ ದಾಟಿದರೆ ಕುಡಿಯಲು ಯೋಗ್ಯವಲ್ಲ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ — ಈ ನಾಲ್ಕು ತಾಲ್ಲೂಕುಗಳು ಮುಂದಿನ ಮೂವತ್ತು ವರ್ಷ ಹೇಮಾವತಿ ನೀರನ್ನು ಹೇಗೆ ಹಂಚಿಕೊಳ್ಳಬೇಕೆಂದು ಗೊತ್ತುಮಾಡುವ ಜಂಟಿ ಸಮಿತಿಗೆ ನಾನು ಎಂಜಿನಿಯರ್. ಮೇಡಂ ಹೊಳೆನರಸೀಪುರದಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು, ಸಮಿತಿಯ ಸಲಹೆಗಾರ ಸದಸ್ಯರು. ಅಂದು ಸಂಜೆ ನಾಲ್ಕಕ್ಕೆ ಮೊದಲ ಹಂತದ ಪಟ್ಟಿಗೆ ಸಹಿ ಬೀಳಲಿತ್ತು. ೧.೫ ದಾಟಿದ ಊರುಗಳಿಗೆ ಮೊದಲು ಪೈಪು. ಉಳಿದವು ಎಂಟು ವರ್ಷ ಕಾಯಬೇಕು.

ಕಲ್ಲುಕಟ್ಟೆಹಳ್ಳಿ ಶಾಲೆಯ ಮಕ್ಕಳ ಹಲ್ಲುಗಳ ಮೇಲೆ ಆ ನೀರು ಮೂಡಿಸಿದ ಕಂದು ಗೆರೆಗಳನ್ನು ನಾನು ನೋಡಿದ್ದೆ. ಎಂಟು ವರ್ಷ!

"ಸೀಲು ಒಡೆದಿತ್ತಾ?"

"ಇಲ್ಲ ಮೇಡಂ. ಹನ್ನೆರಡು ಊರಿನ ಹನ್ನೆರಡೂ ಬಾಟಲಿ ನಾನೇ ಎಣಿಸಿ ತೆಗೆದುಕೊಂಡೆ."

"ಹಾಗಾದರೆ ಸೀಲು ಹಾಕೋ ಮುಂಚೆಯೇ ತಪ್ಪಾಗಿದೆ."

ಮಾದರಿ ತಂದವನು ಅಭಿಷೇಕ್, ಗುತ್ತಿಗೆ ನೌಕರ. ಕರೆಸಿದಾಗ ಅವನ ಮುಖ ಬಿಳಿಚಿತ್ತು.

"ಊರಿನ ನೀರೇ ಮೇಡಂ. ಗುರುವಾರ ತಂದೆ."

"ಅಲ್ಲಿ ಬೇರೆ ಯಾರಾದರೂ ಇದ್ದರಾ?"

ಅವನು ತಡವರಿಸಿದ. "ಸಿದ್ದೇಶಣ್ಣ ಇದ್ರು."

ಸಿದ್ದೇಶ ಸಮಿತಿಯಲ್ಲಿ ಅರಕಲಗೂಡಿನ ಪ್ರತಿನಿಧಿ. ಕಲ್ಲುಕಟ್ಟೆಹಳ್ಳಿ ಬಿಟ್ಟುಹೋದರೆ ಆ ಜಾಗಕ್ಕೆ ಬರುವುದು ಅವರ ತಾಲ್ಲೂಕಿನದೇ ಒಂದು ಊರು. ಚನ್ನರಾಯಪಟ್ಟಣದ ಮೂಲೆಯ ಹಳ್ಳಿಯಲ್ಲಿ ಅವರಿಗೇನು ಕೆಲಸ?

ಸಿದ್ದೇಶ ಸಭೆಗೆಂದು ಆಗಲೇ ಹಾಸನಕ್ಕೆ ಬಂದಿದ್ದರು. ಆ ಊರಿಗೇಕೆ ಹೋಗಿದ್ದಿರಿ ಎಂದು ಮೇಡಂ ಕೇಳಿದ್ದೇ ಕೆರಳಿದರು.

"ಅದು ಮನೆ ವಿಚಾರ ಕಣಮ್ಮ. ಸಮಿತಿಗ್ಯಾಕೆ? ನಾನೇನು ಜೇಬಲ್ಲಿ ಹೊಳೆ ಇಟ್ಕಂಡು ಓಗಿದ್ನಾ?"

"ಅಲ್ಲಿ ಏನಾದರೂ ಕುಡಿದಿರಾ?"

"ಇದೇನು ಪ್ರಶ್ನೆ? ನೀರು ಕುಡ್ದೆ, ಕಾಫಿ ಕುಡ್ದೆ. ಸುಮ್ನೆ ಆ ಊರ ನೀರು ಕೆಟ್ಟದು ಅಂತೀರ. ನಮ್ಮ ಕಡೆ ಹೊಳೆ ನೀರಿನಂಗೇ ಇತ್ತು."

ಮೇಡಂ ಎದ್ದು ನಿಂತರು. "ನೀವೂ ನಮ್ಮ ಜೊತೆ ಬನ್ನಿ. ಇಬ್ಬರು ಸದಸ್ಯರ ಎದುರಿಗೆ ತೆಗೆದ ಮಾದರಿಯನ್ನು ಸಮಿತಿ ಒಪ್ಪಲೇಬೇಕು. ನೀವೊಬ್ಬರು, ನಾನೊಬ್ಬಳು."

"ಕಳ್ಳನ್ನೇ ಸಾಕ್ಷಿಗೆ ಕರ್ಕಂಡು ಓಯ್ತೀರಾ?" ಎಂದು ಗೊಣಗುತ್ತಲೇ ಸಿದ್ದೇಶ ಕಾರು ಹತ್ತಿದರು. ಅಭಿಷೇಕ್ ಹಿಂದೆ ಕುಳಿತ. ದಾರಿಯುದ್ದಕ್ಕೂ ನಾನು ಗಡಿಯಾರ ನೋಡುತ್ತಲೇ ಇದ್ದೆ — ಊರಿನ ಪಂಪಿಗೆ ಮೂರು ಗಂಟೆಯವರೆಗೆ ಮಾತ್ರ ಕರೆಂಟು.

ಊರ ನಲ್ಲಿಯ ಪಕ್ಕದ ಮನೆ ನೀಲಾಂಬಿಕೆಯದು. ನಮ್ಮ ಹಿಂದೆ ಸಿದ್ದೇಶರನ್ನು ಕಂಡು ಆಕೆ ಸೆರಗು ಸರಿಮಾಡಿಕೊಂಡಳು. ಬಾಗಿಲಲ್ಲಿ ನಲ್ಲಿ ನೀರಿನ ಒಂದು ಡ್ರಮ್ಮು, ಅದರ ಅಂಚಿಗೆಲ್ಲ ಸುಣ್ಣ ಬಳಿದಂತೆ ಬಿಳಿ ಪದರ.

ಮೇಡಂ ಅಭಿಷೇಕನತ್ತ ತಿರುಗಿದರು. "ಗುರುವಾರ ಕರೆಂಟಿತ್ತಾ?"

ಅವನು ತಲೆ ತಗ್ಗಿಸಿದ. "ಇರಲಿಲ್ಲ ಮೇಡಂ. ಇನ್ನೂ ನಾಲ್ಕು ಊರು ಬಾಕಿ ಇತ್ತು. ಈ ಅಕ್ಕನ ಹತ್ರ ಊರ ನಲ್ಲಿ ನೀರು ತುಂಬಿಸಿಕೊಡಿ ಅಂದೆ. ಒಳಗಿಂದ ತಂದುಕೊಟ್ರು."

"ಎದುರಿಗೇ ಡ್ರಮ್ಮು ಇದ್ದಾಗ ಒಳಗಿಂದ ಯಾಕಮ್ಮ?"

ನೀಲಾಂಬಿಕೆ ಸಿದ್ದೇಶರತ್ತ ಒಮ್ಮೆ ನೋಡಿ ಕಣ್ಣು ಕೆಳಗಿಳಿಸಿದಳು.

"ನಾನೇ ಹೇಳುತ್ತೇನೆ," ಎಂದರು ಮೇಡಂ. "ಮೋಹನ್, ಬಾಟಲಿಗಳು ಬಂದ ದಿನ ಹನ್ನೆರಡರಲ್ಲಿ ಹನ್ನೊಂದು ಬಾಟಲಿಗಳ ಕುತ್ತಿಗೆಯಲ್ಲಿ ಬಿಳಿ ಉಂಗುರ ಕಟ್ಟಿತ್ತು. ಗಡಸು ನೀರಿನ ಹನಿ ಒಣಗಿದರೆ ಹಾಗಾಗುತ್ತೆ. ಒಂದು ಮಾತ್ರ ಹೊಳೆಯುತ್ತಿತ್ತು. ಅಭಿಷೇಕ್ ಚೊಕ್ಕವಾಗಿ ಒರೆಸಿದ್ದಾನೆ ಅಂತ ನೀನು ಮೆಚ್ಚಿಕೊಂಡೆ, ನಾನೂ ತಲೆಯಾಡಿಸಿದೆ. ಈವತ್ತು ಸಿದ್ದೇಶರು ಈ ಊರ ನೀರು ಹೊಳೆ ನೀರಿನ ಹಾಗಿತ್ತು ಅಂದಾಗ ಆ ಬಾಟಲಿ ನೆನಪಾಯಿತು. ಅವರು ಕುಡಿದದ್ದೂ ಬಾಟಲಿಗೆ ಬಿದ್ದದ್ದೂ ಒಂದೇ ನೀರು. ಸಿದ್ದೇಶರು ಏನನ್ನೂ ಬದಲಿಸಲಿಲ್ಲ. ಬದಲಿಸಿದ್ದು ನೀವು, ನೀಲಾಂಬಿಕೆ. ನಲ್ಲಿಯಿಂದ ತಾನೇ ಹಿಡಿಯಲಿಲ್ಲ ಅಂತ ಅಭಿಷೇಕ್ ಬಾಯಿ ಬಿಡಲಿಲ್ಲ."

ಆಕೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಅವತ್ತು ನಮ್ಮ ನಿಧೀನ ನೋಡಾಕೆ ಬಂದಿದ್ರು ಮೇಡಂ, ಇವರ ಅಣ್ಣನ ಮಗನಿಗೆ. ಗೊರೂರಿಂದ ನಮ್ಮಣ್ಣನ ಕೈಲಿ ಎರಡು ಕ್ಯಾನು ಹೊಳೆ ನೀರು ತರಿಸಿದ್ದೆ. ಇವರೆಲ್ಲ ಜಗುಲಿ ಮ್ಯಾಲೆ ಕುಂತಿದ್ರು, 'ನಿಮ್ಮೂರ ನೀರು ಚೆಂದಾಗೈತೆ' ಅಂತಿದ್ರು. ಅವರ ಮುಂದೆ ಡ್ರಮ್ಮಿನ ಮುಚ್ಚಳ ಎಂಗೆ ತೆಗೀಲಿ? ಈ ನೀರು ಕುಡ್ದು ಬೆಳೆದ ಹುಡುಗಿ ಅಂದ್ರೆ ಯಾರು ಒಪ್ತಾರೆ?... ಅದು ಪೈಪಿನ ಲೆಕ್ಕಕ್ಕೆ ಅಂತ ಗೊತ್ತಾಗಲಿಲ್ಲ."

ಯಾರೂ ಸಿದ್ದೇಶರ ಮುಖ ನೋಡಲಿಲ್ಲ. ನಿಧಿ ಒಳಬಾಗಿಲಲ್ಲಿ ನಿಂತಿದ್ದಳು.

ಸಿದ್ದೇಶ ಕೆಮ್ಮಿದರು. "ನೀರು ಕೊಡವ್ವ. ಆ ಡ್ರಮ್ಮಿಂದೇ."

ನಿಧಿ ಲೋಟ ತಂದಳು. ಅವರು ಅರ್ಧ ಕುಡಿದರು. ಮುಖ ಕಿವುಚಿತು. ಲೋಟವನ್ನು ಕೆಳಗಿಡದೆ ಉಳಿದರ್ಧವನ್ನೂ ಕುಡಿದರು.

"ಮದ್ವೆ ಮಾತು ಮನೇಲಿ ಆಡಾನ. ಏ ಅಭಿಷೇಕ, ಮೋಟ್ರು ಹಾಕ್ಸಲಾ, ಕರೆಂಟು ಓಯ್ತದೆ."

ಎರಡು ಐವತ್ತಕ್ಕೆ ನಲ್ಲಿಯಿಂದ ನೀರು ಬಂತು. ಬಾಟಲಿ ಹಿಡಿದವರು ಸಿದ್ದೇಶ. ಮೊದಲ ಸಹಿಯೂ ಅವರದೇ. ಮೇಡಂ ಕಾರಿನ ಬಾನೆಟ್ ಮೇಲೆ ಅಳೆಯುವ ಯಂತ್ರ ಇಟ್ಟರು. ನಾನು ಹಾಸನಕ್ಕೆ ಫೋನು ಹಚ್ಚಿ ಕಾದೆ. ನೀಲಾಂಬಿಕೆ ಅಂಕಿಗಳತ್ತ ನೋಡಲಾರದೆ ಮಗಳ ಕೈ ಹಿಡಿದುಕೊಂಡಿದ್ದಳು.

"ಎಷ್ಟು?" ಎಂದಿತು ಆಚೆಯ ದನಿ.

ಲೀಟರಿಗೆ ೨.೮ ಮಿಲಿಗ್ರಾಂ.